ನೀರು ಎರಡು ದಾರಿ ಹಿಡಿಯುವ ಅಂಚು: ಮಾರನಹಳ್ಳಿ ಸುತ್ತ ಎಲ್ಲಿ ಸೈಕಲ್, ಎಲ್ಲಿ ನಡಿಗೆ, ಎಲ್ಲಿ ಬರೀ ನೋಟ

ಪಾಡ್‌ಕಾಸ್ಟ್‌ನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.

 

ಸಕಲೇಶಪುರ ಅಂತ ಫೋನ್‌ನಲ್ಲಿ ಹುಡುಕಿ ನೋಡಿ. ಮೊದಲು ಬರೋದು ರೀಲ್ಸ್. ಮಂಜು, ಹಸಿರು ಗುಡ್ಡ, ಗುಡ್ಡದ ತುದೀಲಿ ಕೈ ಚಾಚಿ ನಿಂತ ಯಾರೋ ಒಬ್ಬರು. ಕೆಳಗಡೆ ಕಾಮೆಂಟ್‌ಗಳಲ್ಲಿ ಒಂದೇ ಮಾತು: "ಲೊಕೇಶನ್ ಹೇಳಿ". ಲೊಕೇಶನ್ ಸಿಗುತ್ತೆ ಬಿಡಿ, ಅದೇನು ಕಷ್ಟ ಅಲ್ಲ. ಆದ್ರೆ ಆ ಜಾಗಕ್ಕೆ ನಡ್ಕೊಂಡು ಹೋಗಬಹುದಾ? ಸೈಕಲ್ ಹೋಗುತ್ತಾ? ದಾರಿ ಯಾರ ತೋಟದೊಳಗೆ ಹಾದು ಹೋಗುತ್ತೆ? ಯಾವ ಹೊತ್ತಿನಲ್ಲಿ ಅಲ್ಲಿ ಇರಬಾರದು? ಇದನ್ನ ರೀಲ್ಸ್ ಹೇಳಲ್ಲ.

ಇವತ್ತಿನ ಎಪಿಸೋಡ್ ಹಾಸನ ಜಿಲ್ಲೆಯ ಮಾರನಹಳ್ಳಿ ಮತ್ತು ಅದರ ಸುತ್ತಲಿನ ಸಕಲೇಶಪುರ, ಆಲೂರು ಬೆಟ್ಟಗಳ ಬಗ್ಗೆ. "ನೋಡಲೇಬೇಕಾದ ಹತ್ತು ಜಾಗ" ಅಂತ ಪಟ್ಟಿ ಕೊಡಲ್ಲ. ಒಂದು ಸರಳ ಲೆಕ್ಕ ಹೇಳ್ತೀನಿ. ಅದು ಗೊತ್ತಾದ್ರೆ ಈ ಸೀಮೆಯಲ್ಲಿ ಎಲ್ಲಿ ಸೈಕಲ್ ತುಳಿಯಬೇಕು, ಎಲ್ಲಿ ನಡೆಯಬೇಕು, ಎಲ್ಲಿ ಸುಮ್ನೆ ನಿಂತು ನೋಡ್ಬೇಕು ಅನ್ನೋದು ನಿಮಗೇ ಹೊಳೆಯುತ್ತೆ.

ಮೊದಲು ನೀರು ಎತ್ತ ಹೋಗುತ್ತೆ ನೋಡಿ

ಬೆಂಗಳೂರಿಂದ ಮಂಗಳೂರಿಗೆ ಹೋಗೋ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಾಸನ, ಆಲೂರು ಕ್ರಾಸ್, ಬಾಳ್ಳುಪೇಟೆ, ಸಕಲೇಶಪುರ, ದೋಣಿಗಲ್, ಆಮೇಲೆ ಮಾರನಹಳ್ಳಿ. ಅಲ್ಲಿಂದ ಮುಂದೆ ಶಿರಾಡಿ ಘಾಟಿಯ ಇಳಿಜಾರು, ಗುಂಡ್ಯದ ಕಡೆಗೆ. ಬಸ್ಸಲ್ಲಿ ನಿದ್ದೆ ಮಾಡ್ತಾ ಹೋಗೋರಿಗೆ ಇದು ಬರೀ ತಿರುವುಗಳ ರಸ್ತೆ. ಆದ್ರೆ ನಡುವೆ ಒಂದು ದೊಡ್ಡ ಘಟನೆ ನಡೆದಿರುತ್ತೆ.

ಸಕಲೇಶಪುರ ಪಟ್ಟಣದಲ್ಲಿ ಸೇತುವೆ ಕೆಳಗೆ ಹರಿಯೋದು ಹೇಮಾವತಿ. ಅದು ಹುಟ್ಟೋದು ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಹತ್ತಿರ. ಸುಮಾರು 245 ಕಿ.ಮೀ. ಹರಿದು ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿ ಸೇರುತ್ತೆ. ಅಂದ್ರೆ ಈ ನೀರು ಹೋಗೋದು ಪೂರ್ವಕ್ಕೆ, ಬಂಗಾಳ ಕೊಲ್ಲಿಗೆ. ದೋಣಿಗಲ್ ದಾಟಿ ಮಾರನಹಳ್ಳಿ ಕಡೆಗೆ ಬರುವಷ್ಟರಲ್ಲಿ ಕಥೆ ತಿರುಗಿರುತ್ತೆ. ರಸ್ತೆ ಪಕ್ಕ ನಿಮ್ಮ ಜೊತೆಗೇ ಇಳಿಯೋದು ಕೆಂಪುಹೊಳೆ. ಅದು ಗುಂಡ್ಯದ ಕಡೆ ಹೋಗಿ ಕುಮಾರಧಾರಾ ಸೇರುತ್ತೆ, ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತೆ, ನೇತ್ರಾವತಿ ಮಂಗಳೂರಲ್ಲಿ ಅರಬ್ಬೀ ಸಮುದ್ರ ಸೇರುತ್ತೆ.

ಅಕ್ಕಪಕ್ಕದ ಎರಡು ಗುಡ್ಡ, ಒಂದೇ ಮಳೆ. ಒಂದು ಹನಿ ತಮಿಳುನಾಡು ದಾಟಿ ಕಡಲು ಸೇರಿದ್ರೆ ಇನ್ನೊಂದು ಮಂಗಳೂರಿಗೆ ಇಳಿಯುತ್ತೆ. ಬಿಸಿಲೆ ಹತ್ತಿರದ ಮಂಕನಹಳ್ಳಿಯಲ್ಲಿ ಇದನ್ನೇ ತೋರಿಸೋ ಒಂದು ಕಲ್ಲಿದೆ. ಒಂದು ಬದಿಗೆ ಬಂಗಾಳ ಕೊಲ್ಲಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ ಅಂತ ಇಂಗ್ಲಿಷಲ್ಲಿ ಕೊರೆದಿದ್ದಾರೆ. ಬ್ರಿಟಿಷರ ಕಾಲದ್ದು ಅಂತಾರೆ. ನೋಡೋಕೆ ಮೈಲಿಗಲ್ಲಿನ ಥರ ಸಣ್ಣದು, ಹುಡುಕದೇ ಹೋದ್ರೆ ಕಣ್ಣಿಗೆ ಬೀಳಲ್ಲ.

ಲೆಕ್ಕ ಇಷ್ಟೇ: ಇಲ್ಲೊಂದು ಅಂಚಿದೆ. ಅಂಚಿನ ಪೂರ್ವಕ್ಕೆ ನೆಲ ನಿಧಾನವಾಗಿ ಇಳಿಯುತ್ತೆ, ನೀರು ನಿಲ್ಲುತ್ತೆ, ಗದ್ದೆ, ಕೆರೆ, ತೋಟ ಬರುತ್ತೆ. ಅಂಚಿನ ಪಶ್ಚಿಮಕ್ಕೆ ನೆಲ ಧುಮುಕುತ್ತೆ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಘಾಟಿ ಇಳಿದು ಗುಂಡ್ಯ ಮುಟ್ಟುವಾಗ ಆ ಎತ್ತರದಲ್ಲಿ ಹೆಚ್ಚು ಭಾಗ ಕಳ್ಕೊಂಡಿರ್ತೀರ. ಪೂರ್ವದ ಇಳಿಜಾರು ಸೈಕಲ್‌ಗೆ, ಅಂಚು ಕಾಲಿಗೆ, ಪಶ್ಚಿಮದ ಇಳಿಜಾರು ಕಣ್ಣಿಗೆ. ಈಗ ಒಂದೊಂದಾಗಿ ನೋಡೋಣ.

ಪೂರ್ವ: ಸೈಕಲ್ ಇಲ್ಲಿ ತುಳಿಯಿರಿ

ಇಷ್ಟು ಮಳೆ ಬೀಳೋ ಸೀಮೆಯಲ್ಲಿ ದೊಡ್ಡ ಸರೋವರ ಯಾಕಿಲ್ಲ ಅಂತ ಕೆಲವರು ಕೇಳ್ತಾರೆ. ಕಾರಣ ಆ ಅಂಚೇ. ಪಶ್ಚಿಮದಲ್ಲಿ ನೀರಿಗೆ ನಿಲ್ಲೋಕೆ ಜಾಗ ಇಲ್ಲ. ನಿಲ್ಲೋದು ಪೂರ್ವದಲ್ಲಿ, ಅದೂ ಹೆಚ್ಚಾಗಿ ಮನುಷ್ಯರು ಕಟ್ಟಿದ ಏರಿ, ಅಣೆಕಟ್ಟುಗಳ ಹಿಂದೆ. ಈ ಭಾಗದ ದೊಡ್ಡ "ಸರೋವರ" ಅಂದ್ರೆ ಗೊರೂರಿನ ಹೇಮಾವತಿ ಜಲಾಶಯ. 1979ರಲ್ಲಿ ಪೂರ್ತಿಯಾದದ್ದು. ಪೂರ್ಣ ಮಟ್ಟ 2,922 ಅಡಿ, ಸಾಮರ್ಥ್ಯ ಸುಮಾರು 37 ಟಿಎಂಸಿ. ಹಾಸನದ ಕಡೆಯವರ ಮನೇಲಿ ಮಳೆಗಾಲದಲ್ಲಿ "ಡ್ಯಾಮ್ ಎಷ್ಟಾಯ್ತು" ಅನ್ನೋದು ದಿನದ ಪ್ರಶ್ನೆ. ಇದರ ಹಿನ್ನೀರು ಆಲೂರು ಸೀಮೆಗೂ ಕೈ ಚಾಚಿದೆ. ಆಲೂರು ತಾಲ್ಲೂಕಿನಲ್ಲೇ ವಾಟೆಹೊಳೆ ಅನ್ನೋ ಇನ್ನೊಂದು ಸಣ್ಣ ಜಲಾಶಯವೂ ಇದೆ.

ಸೈಕಲ್‌ಗೆ ಈ ಕಡೆ ಯಾಕೆ ಒಳ್ಳೇದು? ಏರು ಇದೆ, ಆದ್ರೆ ಉದ್ದ ಇಲ್ಲ. ಒಂದು ಏರು ಹತ್ತಿದ್ರೆ ಕೆಳಗೆ ಗದ್ದೆ ಬಯಲು, ಅದು ದಾಟಿದ್ರೆ ಮತ್ತೊಂದು ಏರು. ಉಸಿರು ತಗೊಳ್ಳೋಕೆ ಪುರುಸೊತ್ತು ಸಿಗುತ್ತೆ. ಹೆದ್ದಾರಿ ಬಿಟ್ಟು ಒಳಗಿನ ಊರಿನ ರಸ್ತೆ ಹಿಡಿದ್ರೆ ಲಾರಿ ಕಾಟ ಇಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋದ್ರೆ ರಸ್ತೆ ಒಣಗಿರುತ್ತೆ, ಹಿನ್ನೀರು ಚೆನ್ನಾಗಿ ನಿಂತಿರುತ್ತೆ.

ಹಿನ್ನೀರಿನ ಬದಿಯಲ್ಲಿ ಎಲ್ಲರೂ ಹೋಗೋದು ಶೆಟ್ಟಿಹಳ್ಳಿ ಚರ್ಚ್‌ಗೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಅಣೆಕಟ್ಟು ಬಂದ ಮೇಲೆ ಊರು ಖಾಲಿಯಾಯ್ತು, ಚರ್ಚ್ ಉಳೀತು. ಡ್ಯಾಮ್ ತುಂಬಿದಾಗ ಅರ್ಧ ಮುಳುಗುತ್ತೆ, ಬೇಸಿಗೆಯಲ್ಲಿ ನೆಲದ ಮೇಲೆ ನಿಲ್ಲುತ್ತೆ. ಫೋಟೋಗೆ ಚೆಂದ ಅನ್ನೋದರಲ್ಲಿ ಅನುಮಾನ ಇಲ್ಲ. ಆದ್ರೆ ಪ್ರತಿ ವರ್ಷ ನೆನೆದು ಒಣಗೋ ಗೋಡೆ ಅದು, ಚಾವಣಿ ಇಲ್ಲ. ಹತ್ತೋಕೆ ಹೋಗಬೇಡಿ. ಇನ್ನೊಂದು ವಿಷಯ: ನಾವು "ಮುಳುಗಿದ ಚರ್ಚ್" ಅಂತ ಕರೆಯೋ ಜಾಗ ಯಾರದೋ ಪ್ರಾರ್ಥನೆಯ ಜಾಗ, ಯಾರದೋ ಮುಳುಗಿದ ಊರು. ಈ ಯೋಜನೆಗೆ ಭೂಮಿ ಕೊಟ್ಟ ಕುಟುಂಬಗಳಿಗೆ ಬೇರೆ ಕಡೆ ಜಮೀನು ಹಂಚಿದ ಕಥೆ ಹಾಸನ ಜಿಲ್ಲೆಯಲ್ಲಿ ಇವತ್ತಿಗೂ ಮುಗಿದಿಲ್ಲ.

ಸೈಕಲ್ ಬಗ್ಗೆ ಒಂದೇ ತಾಂತ್ರಿಕ ಮಾತು. ಮಲೆನಾಡಲ್ಲಿ ಹತ್ತೋದಕ್ಕಿಂತ ಇಳಿಯೋದು ಅಪಾಯ. ಬ್ರೇಕ್ ಹಿಡಿದೇ ಇಳಿದ್ರೆ ರಿಮ್ ಬಿಸಿಯಾಗುತ್ತೆ, ಮಳೆ ಬಿದ್ದಿದ್ರೆ ಬ್ರೇಕ್ ಹಿಡಿಯೋದೂ ತಡ. ಹಿಡಿ, ಬಿಡಿ, ಹಿಡಿ, ಬಿಡಿ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಅಲ್ಲ.

ಅಂಚು: ಇಲ್ಲಿ ನಡೆಯಿರಿ

ವ್ಯೂ ಪಾಯಿಂಟ್ ಅಂದ್ರೆ ಏನು? ಮುಂದೆ ನೆಲ ಮುಗಿದು ಕಣಿವೆ ಶುರುವಾಗೋ ಜಾಗ. ಹಾಗಾಗಿ ಇಲ್ಲಿನ ಹೆಸರುವಾಸಿ ನೋಟಗಳು ಬಹುಪಾಲು ಈ ಅಂಚಿನ ಉದ್ದಕ್ಕೇ ಇವೆ.

ಮೊದಲ ಸಲ ಬರೋರಿಗೆ ನಾನು ಹೇಳೋದು ಮಂಜರಾಬಾದ್ ಕೋಟೆ. ಸಕಲೇಶಪುರದಿಂದ ಐದಾರು ಕಿ.ಮೀ., ಹೆದ್ದಾರಿ ಪಕ್ಕ, ದೋಣಿಗಲ್ ಹತ್ತಿರ. ಸುಮಾರು 250 ಮೆಟ್ಟಿಲು. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ, ಫ್ರೆಂಚರ ಕೋಟೆ ಕಟ್ಟೋ ಪದ್ಧತಿ. ನಕ್ಷತ್ರದ ಆಕಾರ ಶೋಕಿಗಲ್ಲ. ಗೋಡೆ ಹೊರಗೆ ಚಾಚಿದ್ರೆ ಪಕ್ಕದ ಗೋಡೆಯ ಬುಡಕ್ಕೆ ಬಂದ ಶತ್ರುವಿನ ಮೇಲೆ ಬದಿಯಿಂದ ಗುಂಡು ಹಾರಿಸಬಹುದು, ಅಡಗಿಕೊಳ್ಳೋಕೆ ಮೂಲೆ ಸಿಗಲ್ಲ. ಇಲ್ಲೇ ಯಾಕೆ ಕಟ್ಟಿದ್ರು? ಕರಾವಳಿಯಿಂದ ಘಟ್ಟ ಹತ್ತಿ ಮೈಸೂರು ಸೀಮೆಗೆ ಬರೋ ದಾರಿ ಇದರ ಕಣ್ಣಳತೆಯಲ್ಲಿದೆ. ಇವತ್ತು ನಾವು ವ್ಯೂ ಪಾಯಿಂಟ್ ಅನ್ನೋದು ಆಗ ಕಾವಲು ಪಾಯಿಂಟ್ ಆಗಿತ್ತು. ಮಂಜು ಕವಿದಿದ್ದನ್ನ ನೋಡಿ ಮಂಜರಾಬಾದ್ ಅಂತ ಹೆಸರಿಟ್ರು ಅನ್ನೋ ಮಾತು ಈ ಕಡೆ ಚಾಲ್ತಿಯಲ್ಲಿದೆ.

ಸ್ವಲ್ಪ ನಡೆಯೋ ಅಭ್ಯಾಸ ಇರೋರಿಗೆ ಬೆಟ್ಟದ ಭೈರವೇಶ್ವರ ದೇವಸ್ಥಾನದ ಸುತ್ತಲಿನ ಗುಡ್ಡಗಳಿವೆ: ಪಾಂಡವರ ಗುಡ್ಡ, ಜೇನುಕಲ್ಲು ಗುಡ್ಡ. ದಕ್ಷಿಣಕ್ಕೆ ಹೋದ್ರೆ ಸಕಲೇಶಪುರದಿಂದ ಸುಮಾರು 50 ಕಿ.ಮೀ. ದೂರದಲ್ಲಿ ಬಿಸಿಲೆ. ಅಲ್ಲಿ ನಿಂತ್ರೆ ಎದುರಿಗೆ 1,712 ಮೀಟರ್ ಎತ್ತರದ ಕುಮಾರ ಪರ್ವತ, ಕೆಳಗೆ ಒಂದು ಮನೆಯೂ ಕಾಣದ ಕಾಡು.

ಈ ಗುಡ್ಡಗಳನ್ನ ಗಮನಿಸಿ ನೋಡಿ. ಮೇಲೆಲ್ಲ ಹುಲ್ಲು, ಮಡಿಕೆ ಮಡಿಕೆಗಳಲ್ಲಿ ಮಾತ್ರ ದಟ್ಟ ಮರ. ಇದಕ್ಕೆ ಶೋಲಾ ಕಾಡು ಅಂತಾರೆ. ಮಳೆ ನೀರನ್ನ ಹುಲ್ಲಿನ ಬೇರು, ಕಾಡಿನ ಮಣ್ಣು ಹಿಡಿದಿಟ್ಟು ನಿಧಾನವಾಗಿ ಹೊಳೆಗೆ ಬಿಡುತ್ತೆ. ಜನವರಿಯಲ್ಲೂ ಹಳ್ಳ ಹರೀತಿದೆ ಅಂದ್ರೆ ಅದರ ಕೆಲಸ. ಈಗ ಅದೇ ಹುಲ್ಲಿನ ಮೇಲೆ ಜೀಪು, ಬೈಕು ಹತ್ತಿಸಿದ್ರೆ ಏನಾಗುತ್ತೆ? ಚಕ್ರದ ಗೆರೆಯಲ್ಲಿ ಹುಲ್ಲು ಸಾಯುತ್ತೆ, ಮಳೆಗಾಲದಲ್ಲಿ ಆ ಗೆರೆಯೇ ಕಾಲುವೆ ಆಗುತ್ತೆ, ಮಣ್ಣು ಕೊಚ್ಚಿ ಹೋಗುತ್ತೆ. ಮುಂದಿನ ವರ್ಷ ಅಲ್ಲಿ ಹುಲ್ಲಿರಲ್ಲ, ಕೊರಕಲು ಇರುತ್ತೆ. ಅದಕ್ಕೇ ಹೇಳಿದ್ದು, ಅಂಚು ಕಾಲಿಗೆ. ಇದ್ದ ಕಾಲುದಾರಿಯಲ್ಲೇ, ಸಾಲಾಗಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆದ್ರೆ ಇಂಬಳ ಖಂಡಿತ. ಉಪ್ಪು, ಇಲ್ಲಾಂದ್ರೆ ಹೊಗೆಸೊಪ್ಪು ಸುಣ್ಣ ಬಟ್ಟೇಲಿ ಕಟ್ಟಿ ಕೋಲಿನ ತುದಿಗೆ ಇಟ್ಕೊಳ್ಳೋದು ಇಲ್ಲಿನವರ ಹಳೇ ಉಪಾಯ. ಹತ್ತಿದ ಇಂಬಳವನ್ನ ಎಳೆದು ಕೀಳಬೇಡಿ, ಉಪ್ಪು ಮುಟ್ಟಿಸಿ, ತಾನೇ ಬಿಡುತ್ತೆ.

ಪಶ್ಚಿಮ: ಇಲ್ಲಿ ಬರೀ ನೋಡಿ

ಮಾರನಹಳ್ಳಿ ದಾಟಿ ಶಿರಾಡಿ ಘಾಟಿಯನ್ನ ಸೈಕಲ್‌ನಲ್ಲಿ ಇಳೀಬೇಕು ಅನ್ನೋ ಆಸೆ ತುಂಬ ಜನಕ್ಕಿದೆ. ದಯವಿಟ್ಟು ಬೇಡ. ಮಂಗಳೂರಿನ ಬಂದರಿಗೆ ಹೋಗೋ ಟ್ಯಾಂಕರ್, ಲಾರಿ, ರಾತ್ರಿ ಬಸ್ಸು ಎಲ್ಲ ಹೆಚ್ಚಾಗಿ ಹಿಡಿಯೋದು ಇದೇ ರಸ್ತೆ. ಸೈಕಲ್‌ಗೆ ಅಂತ ಅಂಚು ಬಿಟ್ಟಿಲ್ಲ. ಜೊತೆಗೆ ಗುಡ್ಡವೇ ನಂಬಿಕೆಗೆ ಅರ್ಹವಾಗಿಲ್ಲ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. 2024ರ ಜುಲೈಯಲ್ಲಿ ಮಾರನಹಳ್ಳಿ ಹತ್ತಿರದ ದೊಡ್ಡತಪ್ಲು ಬಳಿ ಮತ್ತೆ ಮತ್ತೆ ಮಣ್ಣು ಜಾರಿತು. ಅದೇ ತಿಂಗಳು 26ರಂದು ಎಡಕುಮೇರಿ, ಕಡಗರವಳ್ಳಿ ನಡುವೆ ರೈಲ್ವೆ ಹಳಿ ಕೆಳಗಿನ ಮಣ್ಣೂ ಹೋಯ್ತು. ರೈಲುಗಳು ಹೆಚ್ಚು ಕಡಿಮೆ ಎರಡು ವಾರ ನಿಂತವು.

ಕಾರಣ ಕಷ್ಟದ್ದಲ್ಲ. ಇಳಿಜಾರಾದ ಗುಡ್ಡಕ್ಕೆ ಅದರದ್ದೇ ಒಂದು ಒರಗು ಇರುತ್ತೆ. ರಸ್ತೆ ಅಗಲ ಮಾಡೋಕೆ ಬುಡವನ್ನ ನೆಟ್ಟಗೆ ಕತ್ತರಿಸಿದ್ರೆ ಮೇಲಿನ ಮಣ್ಣಿಗೆ ಆಸರೆ ಹೋಗುತ್ತೆ. ಒಂದು ವಾರ ಬಿಡದೆ ಮಳೆ ಹೊಡೆದ್ರೆ ಮಣ್ಣು ನೀರು ಕುಡಿದು ಭಾರ ಆಗುತ್ತೆ, ಹಿಡಿತ ಸಡಿಲ ಆಗುತ್ತೆ. ಹಾಗಾಗಿ ಮಳೆಗಾಲದಲ್ಲಿ ಕತ್ತರಿಸಿದ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಿ ಜಲಪಾತದ ಮುಂದೆ ಸೆಲ್ಫಿ ತಗೊಳ್ಳೋದು ಈ ರಸ್ತೆಯಲ್ಲಿ ಮಾಡಬಾರದ ಮೊದಲ ಕೆಲಸ.

ಇನ್ನು ಹಳಿ ಮೇಲಿನ ಟ್ರೆಕ್. ಸಕಲೇಶಪುರ, ದೋಣಿಗಲ್, ಎಡಕುಮೇರಿ, ಸುಬ್ರಹ್ಮಣ್ಯ ರೋಡ್ ಮಾರ್ಗಕ್ಕೆ "ಗ್ರೀನ್ ರೂಟ್" ಅಂತ ಹೆಸರು ಬಿದ್ದಿದೆ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಗೇಜ್ ಬದಲಾಯಿಸೋಕೆ 1996ರಲ್ಲಿ ರೈಲು ನಿಲ್ಲಿಸಿದ್ರು, ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ರೈಲಿಲ್ಲದ ಆ ವರ್ಷಗಳಲ್ಲಿ ಹಳಿ ಮೇಲೆ ನಡೆಯೋ ಚಾಳಿ ಜೋರಾಯ್ತು, ಆ ಹಳೇ ಬ್ಲಾಗ್‌ಗಳು ಇವತ್ತೂ ಸರ್ಚ್‌ನಲ್ಲಿ ಮೇಲೆ ಬರ್ತವೆ. ಆದ್ರೆ ಈಗ ಅದು ಗೂಡ್ಸ್, ಪ್ಯಾಸೆಂಜರ್ ಎರಡೂ ಓಡೋ ಹಳಿ. ಸುರಂಗದೊಳಗೆ ಸಿಕ್ಕಿಹಾಕಿಕೊಂಡ್ರೆ ಓಡೋಕೆ ಜಾಗ ಇಲ್ಲ, ಸೇತುವೆ ಮೇಲೆ ಸಿಕ್ಕಿದ್ರೆ ಪಕ್ಕಕ್ಕೆ ಸರಿಯೋಕೂ ಕಷ್ಟ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಇದು ಅತಿಕ್ರಮ ಪ್ರವೇಶ: ಆರು ತಿಂಗಳವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಅದೇ ನೋಟ ಬೇಕಾ? ಹಗಲು ರೈಲಿಗೆ ಟಿಕೆಟ್ ತಗೊಳ್ಳಿ. 2021ರ ಜುಲೈಯಿಂದ ಯಶವಂತಪುರದಿಂದ ಮಂಗಳೂರು ಕಡೆಗಿನ ಹಗಲು ರೈಲುಗಳಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ. ಅದು ದುಬಾರಿ ಅನ್ಸಿದ್ರೆ ಸಾಮಾನ್ಯ ಬೋಗಿಯ ಕಿಟಕಿಯೂ ಅದೇ ಕಣಿವೆಯನ್ನೇ ತೋರಿಸುತ್ತೆ. ಘಾಟಿಯಲ್ಲಿ ಹಳಿ 50 ಮೀಟರ್‌ಗೆ 1 ಮೀಟರ್‌ನಷ್ಟು ಇಳಿಯುತ್ತೆ. ರೈಲಿಗೆ ಇದು ಕಡಿದಾದ ಇಳಿಜಾರು, ಅದಕ್ಕೇ ತುಂಬ ನಿಧಾನ ಹೋಗುತ್ತೆ. ನೋಡೋರಿಗೆ ಆ ನಿಧಾನವೇ ಲಾಭ.

ಅಂದ ಹಾಗೆ, ನೀರಿನ ವಿಷಯಕ್ಕೆ ಒಂದು ತಿರುವು. ಬೆಟ್ಟ ಹಾಕಿದ ಆ ಗೆರೆಯನ್ನ ಈಗ ಪಂಪ್ ದಾಟಿದೆ. ಪಶ್ಚಿಮಕ್ಕೆ ಹರಿಯೋ ಎತ್ತಿನಹೊಳೆ ಮತ್ತು ಸುತ್ತಲಿನ ಹಳ್ಳಗಳಿಂದ ಸುಮಾರು 24 ಟಿಎಂಸಿ ನೀರು ಎತ್ತಿ ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲು ಜಿಲ್ಲೆಗಳಿಗೆ ಕೊಡೋ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ಸಿಕ್ಕಿತು. ಗುಡ್ಡದ ಮೇಲೆ ದೊಡ್ಡ ದೊಡ್ಡ ಪೈಪ್ ಕಂಡ್ರೆ ಅದು ಇದೇ. ಸರಿಯೋ ತಪ್ಪೋ ಅನ್ನೋ ಚರ್ಚೆಗೆ ಬೇರೆ ಎಪಿಸೋಡೇ ಬೇಕು.

ಬೆಳಗ್ಗೆ ಐದೂವರೆ ಗಂಟೆಯ ಪ್ರಶ್ನೆ

ಇಲ್ಲಿವರೆಗೆ ಎಲ್ಲಿ ಅಂತ ಹೇಳಿದೆ. ಈಗ ಯಾವಾಗ. ಇದು ಈ ಎಪಿಸೋಡ್‌ನಲ್ಲಿ ನೀವು ನೆನಪಿಟ್ಕೊಳ್ಳಲೇಬೇಕಾದ ಭಾಗ.

ಆಲೂರು, ಸಕಲೇಶಪುರದ ಕಾಡಾನೆಗಳು ಕಾಡಲ್ಲಿ ಇರೋದಕ್ಕಿಂತ ತೋಟದಲ್ಲಿ ಇರೋದು ಜಾಸ್ತಿ. ಆಲೂರು ಕಡೆ ಉಳಿದಿರೋ ಕಾಡು ತುಂಡು ತುಂಡು. ಕಾಫಿ ತೋಟದಲ್ಲಿ ನೆರಳಿದೆ, ನೀರಿದೆ, ಹಲಸಿದೆ. ಹಗಲು ಅಲ್ಲಿ ನಿಂತು, ಕತ್ತಲಾದ ಮೇಲೆ ಗದ್ದೆಗೆ ಇಳಿದು, ಬೆಳಕು ಹರಿಯೋ ಹೊತ್ತಿಗೆ ತೋಟಕ್ಕೆ ವಾಪಸ್. 2014ರಲ್ಲಿ ಅರಣ್ಯ ಇಲಾಖೆ ಈ ಭಾಗದಿಂದ 22 ಆನೆ ಹಿಡಿದು ಸಾಗಿಸಿತು. ಸಮಸ್ಯೆ ಮುಗೀಲಿಲ್ಲ, ಖಾಲಿಯಾದ ಜಾಗಕ್ಕೆ ಬೇರೆ ಆನೆ ಬಂದವು. ಎಂಟು ಸಲ ಮೈಸೂರು ದಸರಾ ಅಂಬಾರಿ ಹೊತ್ತ ಅರ್ಜುನ ಸತ್ತಿದ್ದು ಇಲ್ಲೇ, ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, 2023ರ ಡಿಸೆಂಬರ್ 4ರಂದು, ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ. ಅಷ್ಟು ಪಳಗಿದ, ಅನುಭವದ ಆನೆಗೇ ಹಾಗಾಯ್ತು. ನಾವು ನೀವು ಯಾವ ಲೆಕ್ಕ?

ಈಗ ಯೋಚಿಸಿ. "ಸನ್‌ರೈಸ್ ಪಾಯಿಂಟ್"ಗೆ ನಾವು ಹೊರಡೋದು ಎಷ್ಟು ಗಂಟೆಗೆ? ಬೆಳಗ್ಗೆ ಐದು, ಐದೂವರೆ. ಮಂಜು ಬೇರೆ. ಹತ್ತು ಮೀಟರ್ ಮುಂದೆ ಕಾಣಲ್ಲ. ಆನೆ ರಸ್ತೆ ದಾಟೋದೂ ಅದೇ ಹೊತ್ತು. ಕಾರಲ್ಲಿ ಹೋದ್ರೆ ಒಂದು ಲೋಹದ ಡಬ್ಬಿಯಾದ್ರೂ ಇರುತ್ತೆ. ಸೈಕಲ್‌ನಲ್ಲಿ ಸದ್ದಿಲ್ಲದೆ ಹೋಗಿ ತಿರುವಿನಲ್ಲಿ ಎದುರಾದ್ರೆ, ಆನೆಗೂ ಗಾಬರಿ, ನಿಮಗೆ ವಾಪಸ್ ತಿರುಗಿಸೋಕೆ ಏರು.

ಇಲ್ಲಿನವರು ಏನು ಮಾಡ್ತಾರೆ ನೋಡಿ. ಬೆಳಗ್ಗೆ ಆನೆ ಎಲ್ಲಿದೆ ಅಂತ ತಿಳ್ಕೊಂಡೇ ಮನೆಯಿಂದ ಹೊರಡ್ತಾರೆ. ಅದಕ್ಕೆ ಅರಣ್ಯ ಇಲಾಖೆಯ ಎಸ್‌ಎಂಎಸ್ ಇದೆ, ರಸ್ತೆ ಬದಿಯ ಎಚ್ಚರಿಕೆ ಫಲಕ ಇದೆ, ಊರಿನ ವಾಟ್ಸಾಪ್ ಗುಂಪಿದೆ, 2022ರಲ್ಲಿ ಶುರುವಾದ ಆನೆ ಕಾರ್ಯಪಡೆ ಇದೆ. ನೀವು ಉಳಿಯೋ ಹೋಮ್‌ಸ್ಟೇಯಲ್ಲಿ ರಾತ್ರಿ ಊಟದ ಹೊತ್ತಿಗೆ ಕೇಳಬೇಕಾದ ಮೊದಲ ಪ್ರಶ್ನೆ ವೈಫೈ ಪಾಸ್‌ವರ್ಡ್ ಅಲ್ಲ: "ಇವತ್ತು ಆನೆ ಯಾವ ಕಡೆ ಇದಾವೆ?" ಅವರು "ಬೇಡ" ಅಂದ್ರೆ ಬೇಡ. ವಾದ ಮಾಡೋಕೆ ಹೋಗಬೇಡಿ.

ನನ್ನ ನಿಯಮ: ಬೆಳಗ್ಗೆ ಎಂಟರ ಮೇಲೆ ಹೊರಡೋದು, ಸಂಜೆ ಐದರೊಳಗೆ ರೂಮು. ಕಿವಿಯಲ್ಲಿ ಇಯರ್‌ಫೋನ್ ಬೇಡ. ಹೌದು, ನಮ್ಮ ಪಾಡ್‌ಕಾಸ್ಟ್ ಕೂಡ ಬೇಡ. ಹಸಿ ಲದ್ದಿ, ಬಿದಿರು ಮುರಿಯೋ ಸದ್ದು, ಒಂದೇ ಸಮನೆ ನಾಯಿ ಬೊಗಳೋದು, ಇದೆಲ್ಲ ಗುರುತು. ಕಂಡ್ರೆ, ಕೇಳಿದ್ರೆ ಬಂದ ದಾರೀಲೇ ವಾಪಸ್. ವಿಡಿಯೋಗೆ ಅಂತ ನಿಲ್ಲಬೇಡಿ.

ಖರ್ಚು ಯಾರ ಲೆಕ್ಕಕ್ಕೆ?

ನಾನು ಓದಿದ್ದು ಕಾಮರ್ಸ್. ಅಲ್ಲಿ ಒಂದು ಪಾಠ ಬರುತ್ತೆ: ವ್ಯವಹಾರ ಇಬ್ಬರದ್ದು, ಆದ್ರೆ ಅದರ ಖರ್ಚು ಸಂಬಂಧವೇ ಇಲ್ಲದ ಮೂರನೆಯವರ ತಲೆ ಮೇಲೆ ಬೀಳೋದು. ವ್ಯೂ ಪಾಯಿಂಟ್ ಪ್ರವಾಸ ಬಹಳ ಸಲ ಹಾಗೇ ನಡೆಯುತ್ತೆ. ಪೆಟ್ರೋಲ್ ಬೆಂಗಳೂರಲ್ಲಿ ಹಾಕಿಸ್ತೀವಿ, ಚಿಪ್ಸು ನೀರು ಅಲ್ಲಿಂದಲೇ ತರ್ತೀವಿ, ಫೋಟೋ ತಗೊಂಡು ಸಂಜೆ ವಾಪಸ್. ಊರಿಗೆ ಸಿಕ್ಕಿದ್ದು ಖಾಲಿ ಬಾಟಲಿ. ಗದ್ದಲಕ್ಕೆ ಬೆದರಿದ ಆನೆ ಪಕ್ಕದ ತೋಟಕ್ಕೆ ನುಗ್ಗಿದ್ರೆ ಮಾರನೇ ದಿನ ಅಲ್ಲಿ ಕೆಲಸಕ್ಕೆ ಹೋಗಬೇಕಾದವರು ಲೈನ್‌ಮನೆಯ ಹೆಂಗಸರು. ಅವರಿಗೆ ಎಂಟು ಗಂಟೆ ಮೇಲೆ ಹೊರಡ್ತೀನಿ ಅನ್ನೋ ಆಯ್ಕೆ ಇಲ್ಲ.

ಆದ್ರಿಂದ ಮೂರು ಸಣ್ಣ ವಿಷಯ. ಒಂದು, ತೋಟದ ಗೇಟು ತೆರೆದಿದೆ ಅಂದ್ರೆ ದಾರಿ ನಮ್ಮದು ಅಂತ ಅಲ್ಲ. ತೋಟದ ರೈಟ್ರು ಸಿಕ್ತಾರೆ, ಕೇಳಿ ಹೋಗಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು ನಡೀತಿರುತ್ತೆ, ಕಣದಲ್ಲಿ ಹಣ್ಣು ಒಣಗಿಸಿರ್ತಾರೆ, ಅದರ ಮೇಲೆ ಸೈಕಲ್ ಹತ್ತಿಸಬೇಡಿ. ಎರಡು, ಒಂದು ರಾತ್ರಿ ಉಳೀರಿ, ಊರಿನ ಹೋಟೆಲಲ್ಲಿ ಅಕ್ಕಿರೊಟ್ಟಿ ತಿನ್ನಿ, ಗುಡ್ಡಕ್ಕೆ ಊರಿನವರೊಬ್ಬರನ್ನ ಜೊತೆಗೆ ಕರ್ಕೊಂಡು ಹೋಗಿ ಸರಿಯಾದ ದುಡ್ಡು ಕೊಡಿ. ಮೂರು, ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೆ "ಅರಣ್ಯ ವಿಹಾರ" ವೆಬ್‌ಸೈಟಲ್ಲಿ ಮೊದಲೇ ಬುಕ್ ಮಾಡಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಂಥ ಜನ ಸೇರಿದ ಮೇಲೆ ಬಂದ ವ್ಯವಸ್ಥೆ ಅದು, ಒಂದು ದಾರಿಗೆ ದಿನಕ್ಕೆ ಗರಿಷ್ಠ 300 ಜನ. ಬುಕಿಂಗ್ ಇಲ್ಲದ ದಾರೀಲಿ ಅರಣ್ಯದೊಳಗೆ ಕರ್ಕೊಂಡು ಹೋಗ್ತೀನಿ ಅಂತ ಯಾರಾದ್ರೂ ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜ್ ಹಾಕಿದ್ರೆ, ಸಿಕ್ಕಿಬಿದ್ದಾಗ ಕೇಸು ಬೀಳೋದು ನಿಮ್ಮ ಮೇಲೂ.

ಒಂದೇ ಉಸಿರಲ್ಲಿ ಮತ್ತೊಮ್ಮೆ: ಹೇಮಾವತಿ ಕಡೆಗೆ ಸೈಕಲ್, ಅಂಚಿನ ಮೇಲೆ ನಡಿಗೆ, ಕೆಂಪುಹೊಳೆ ಕಡೆಗೆ ಕಿಟಕಿಯಿಂದ ನೋಟ. ಬೆಳಗ್ಗೆ ಎಂಟು, ಸಂಜೆ ಐದು. ಹೊರಡೋ ಮುಂಚೆ ಆನೆ ವಿಚಾರ. ಮಾರನಹಳ್ಳಿ ಕಡೆ ಹೊರಟಿರೋ ಫ್ರೆಂಡ್ಸ್ ಯಾರಾದ್ರೂ ಇದ್ರೆ ಅವರಿಗೆ ಲೊಕೇಶನ್ ಜೊತೆ ಇದನ್ನೂ ಕಳಿಸಿ.